ಏಳು ಅಕ್ಷರ, ನಾಲ್ಕು ಗುಣಿತ, ಒಂದು ಒತ್ತು: ಕೇಬಲ್ ಟಿವಿಗೆ ಪದ-ಲೆಕ್ಕದ ಸ್ಪರ್ಧೆ ಮಾಡಿದ ನನ್ನ ಅನುಭವ

"ಅದು ಇಂಗ್ಲಿಷಿನ ಆಟ ಮಾರಾಯ್ರೆ, ಕನ್ನಡಕ್ಕೆ ಒಗ್ಗುವುದಿಲ್ಲ." ಕೌಂಟ್‌ಡೌನ್ ಅನ್ನುವ ಬ್ರಿಟಿಷ್ ಟಿವಿ ಆಟವನ್ನು ಕನ್ನಡಕ್ಕೆ ತರಲು ನಾನು ಅಕ್ಷರದ ಬಿಲ್ಲೆ ಕತ್ತರಿಸಲು ಶುರು ಮಾಡಿದ ದಿನದಿಂದ ಕನಿಷ್ಠ ಹತ್ತು ಜನ ಹೀಗೆ ಹೇಳಿದ್ದಾರೆ. ಅದರಲ್ಲಿ ಇಬ್ಬರು ಕನ್ನಡ ಲೆಕ್ಚರರ್‌ಗಳು. ಈಗ ಹನ್ನೆರಡು ಕಂತು ಮುಗಿದಿದೆ, ಕೊನೆಯ ಕಂತಿಗೆ ಆ ಇಬ್ಬರಲ್ಲಿ ಒಬ್ಬರು ಪಾಸ್ ಕೇಳಿಕೊಂಡು ಬಂದಿದ್ದರು. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ನನ್ನದು ಉಡುಪಿಯ ಕುಂಜಿಬೆಟ್ಟಿನಲ್ಲಿ ಡಿಟಿಪಿ ಮತ್ತು ಫ್ಲೆಕ್ಸ್ ಅಂಗಡಿ. ಗಣೇಶೋತ್ಸವ, ಮೊಸರು ಕುಡಿಕೆ, ಶಾಲೆ ವಾರ್ಷಿಕೋತ್ಸವ ಅಂತ ಇಪ್ಪತ್ತು ವರ್ಷದಿಂದ ಕ್ವಿಜ್ ನಡೆಸುತ್ತಿದ್ದೇನೆ. ಕ್ವಿಜ್ ನಡೆಸುವವರಿಗೆ ಗೊತ್ತು, ಈಗ ಸಾಮಾನ್ಯ ಜ್ಞಾನದ ಪ್ರಶ್ನೆ ಕೇಳಿದರೆ ಅರ್ಧ ಸಭೆ ಮೊಬೈಲ್ ತೆಗೆಯುತ್ತದೆ. ಗೂಗಲ್ ಮಾಡಲಾಗದ ಆಟ ಬೇಕಿತ್ತು. ಆಗ ಸಿಕ್ಕಿದ್ದು ಕೌಂಟ್‌ಡೌನ್. 1982ರ ನವೆಂಬರ್ 2ರಂದು ಬ್ರಿಟನ್ನಿನ ಚಾನೆಲ್ 4 ಶುರುವಾದಾಗ ಮೊದಲು ಬಂದ ಕಾರ್ಯಕ್ರಮವೇ ಅದು. ಮೂಲ ಫ್ರಾನ್ಸಿನದ್ದು. ಒಂಬತ್ತು ಅಕ್ಷರ ಎತ್ತಿ ಉದ್ದದ ಪದ ಮಾಡುವುದು, ಆರು ಸಂಖ್ಯೆ ಎತ್ತಿ ಮೂರಂಕಿಯ ಗುರಿ ಮುಟ್ಟುವುದು, ಎರಡಕ್ಕೂ ಮೂವತ್ತೇ ಸೆಕೆಂಡು.

ನನ್ನನ್ನು ಹಿಡಿದು ಹಾಕಿದ್ದು ಅದರ ಒಂದು ಹಳೆ ವಿಡಿಯೋ. ಸಂಖ್ಯೆ 25, 50, 75, 100, 3, 6. ಗುರಿ 952. ಒಬ್ಬ ಸ್ಪರ್ಧಿ 100ಕ್ಕೆ 6 ಸೇರಿಸಿ 106 ಮಾಡುತ್ತಾನೆ, ಮೂರರಿಂದ ಗುಣಿಸಿ 318, ಅದನ್ನು 75ರಿಂದ ಗುಣಿಸಿ 23850, ಅದರಲ್ಲಿ 50 ಕಳೆದು 23800, 25ರಿಂದ ಭಾಗಿಸಿದರೆ 952. ಲೆಕ್ಕ ಬೋರ್ಡಿಗೆ ಬರೆಯುವ ಹೆಂಗಸೇ ನಗುತ್ತಾರೆ. ನಾನು ಆ ರಾತ್ರಿ ಊಟ ಬಿಟ್ಟು ಅದನ್ನು ನಾಲ್ಕು ಸಲ ನೋಡಿದೆ.

ಸಂಖ್ಯೆಯ ಸುತ್ತಿಗೆ ಭಾಷೆಯ ತಕರಾರಿಲ್ಲ. ತಲೆನೋವು ಇದ್ದದ್ದು ಅಕ್ಷರದ್ದು.

ಮೊದಲ ಸೆಟ್‌ನಲ್ಲಿ ವರ್ಣಮಾಲೆಯ ಅಕ್ಷರ ಮಾತ್ರ ಹಾಕಿದೆ, ಕಾಗುಣಿತ ಮತ್ತು ಒತ್ತು ಸ್ಪರ್ಧಿಯ ಇಷ್ಟ. ಸನ್‌ಬೋರ್ಡ್, ವಿನೈಲ್, ಮ್ಯಾಗ್ನೆಟ್ ಶೀಟ್ ಎಲ್ಲ ಸೇರಿ 3,000 ಚಿಲ್ಲರೆ. ಅಂಗಡಿಯಲ್ಲೇ ಟ್ರಯಲ್ ಮಾಡಿದೆವು. ಆಟ ಸಪ್ಪೆ. ಕ, ರ, ಲ ಇದ್ದರೆ ಕರಿಲ, ಕೀರಲು, ಕೊರಲು ಅಂತ ಬಾಯಿಗೆ ಬಂದದ್ದೆಲ್ಲ ಹೇಳಿ ಜಗಳ. ಒಬ್ಬ ಹುಡುಗ "ರಾಷ್ಟ್ರೀಯ" ಅಂತ ಬರೆದು, ಬಿಡಿಸಿದರೆ ಎಂಟು ವರ್ಣ, ಎಂಟು ಪಾಯಿಂಟ್ ಕೊಡಿ ಅಂದ. ತೀರ್ಪು ಕೊಡಲು ಕೂತಿದ್ದ ನಿವೃತ್ತ ಮಾಷ್ಟ್ರು, "ಮೂರೇ ಅಕ್ಷರ ಮಗಾ, ನಾನು ನಿನ್ನಪ್ಪನಿಗೂ ಅದನ್ನೇ ಕಲಿಸಿದ್ದು" ಅಂದರು. ಇಬ್ಬರೂ ಸರಿಯೇ. ಅದೇ ಸಮಸ್ಯೆ.

ಎರಡನೇ ಸಲ ಪೂರ್ತಿ ಕಾಗುಣಿತದ ಬಿಲ್ಲೆ ಮಾಡಿದೆ. ಕಾ, ಕಿ, ಕೀ, ಕು ಹೀಗೆ ನಾನೂರರ ಹತ್ತಿರ. ಏಳೆಂಟು ಸಾವಿರ ಹೋಯಿತು. ಚೀಲಕ್ಕೆ ಕೈ ಹಾಕಿದರೆ ಬರುವುದು ಢೋ, ಥೌ, ಝೇ. ಮೂವತ್ತು ಸೆಕೆಂಡು ಎಲ್ಲರೂ ಮಿಕಮಿಕ ನೋಡುತ್ತ ಕೂತರು. ಆ ಬಿಲ್ಲೆಗಳು ಈಗ ಅಕ್ಕನ ಮಗಳ ಅಂಗನವಾಡಿಯಲ್ಲಿವೆ. ಅಲ್ಲಿ ಉಪಯೋಗಕ್ಕೆ ಬಂದಿವೆ, ಬಿಡಿ.

ಮೂರನೆಯದು ಕಾಗದದ ಮೇಲೆ ತುಂಬಾ ಚಂದ ಕಂಡಿತ್ತು. ಇಂಗ್ಲಿಷಿನ ಹಾಗೆ ಕ್, ಮ್, ಲ್ ಬೇರೆ, ಅ, ಇ, ಉ ಬೇರೆ. ಕಂಪ್ಯೂಟರ್ ಗೊತ್ತಿರುವವರಿಗೆಲ್ಲ ಇಷ್ಟವಾಯಿತು. ಆದರೆ ನನ್ನ ಅಮ್ಮನ ಎದುರು ಕ್ ಅ ಮ್ ಅ ಲ್ ಅ ಅಂತ ಜೋಡಿಸಿಟ್ಟಾಗ ಅವರು, "ಇದೆಂಥದ್ದು, ತೊದಲುವವನು ಓದಿದ ಹಾಗೆ ಉಂಟಲ್ಲ?" ಅಂದರು. ಅಲ್ಲಿಗೆ ಅದು ಮುಗಿಯಿತು. ಮನೆಯಲ್ಲಿ ಟಿವಿ ನೋಡುವವರು ಅಮ್ಮನಂಥವರೇ. ನಾವು ಓದುವಾಗ ಕಣ್ಣಿಗೆ ಬೀಳುವುದು ಇಡೀ ಅಕ್ಷರ, ಅದರ ಮೇಲೊಂದು ಗುಡಿಸು, ಪಕ್ಕದಲ್ಲೊಂದು ಕೊಂಬು. ಅಕ್ಷರವನ್ನು ಒಡೆದರೆ ಆಟವೂ ಒಡೆಯಿತು.

ಹಾಗೆ ಯೋಚಿಸುವಾಗಲೇ ದಾರಿ ಸಿಕ್ಕಿತು. ಒಂದನೇ ಕ್ಲಾಸಿನಲ್ಲಿ ಕಲಿತದ್ದೇ: ಇಳಿ, ಗುಡಿಸು, ಕೊಂಬು, ಏತ್ವ, ಓತ್ವ. ಇವನ್ನೇ ಬೇರೆ ಬಣ್ಣದ ಬಿಲ್ಲೆ ಮಾಡಿದೆ. ಏಳು ಅಕ್ಷರ ಒಂದು ಚೀಲದಿಂದ, ನಾಲ್ಕು ಗುಣಿತ ಇನ್ನೊಂದು ಚೀಲದಿಂದ, ಪ್ರತಿ ಸುತ್ತಿಗೂ ಖಾಯಂ ಒಂದು ಒತ್ತು. ಹ್ರಸ್ವ ದೀರ್ಘಕ್ಕೆ ಒಂದೇ ಬಿಲ್ಲೆ, ಗುಡಿಸು ಬಂದರೆ ಕಿ ಆದರೂ ಸರಿ ಕೀ ಆದರೂ ಸರಿ. ಅಕ್ಕಿ, ಹಳ್ಳಿ ತರಹದ ಸಜಾತಿ ಒತ್ತಿಗೆ ಒತ್ತಿನ ಬಿಲ್ಲೆ ಸಾಕು, ವಿಜಾತಿ ಆದರೆ ಎರಡೂ ಅಕ್ಷರ ಬೋರ್ಡಿನಲ್ಲಿ ಇರಬೇಕು. ಸೊನ್ನೆ ಒಂದು ಸಲ ಫ್ರೀ. ಪದದ ಉದ್ದ ಮಾಷ್ಟ್ರ ಲೆಕ್ಕದಲ್ಲೇ, ಬರೆದ ಅಕ್ಷರ ಎಷ್ಟೋ ಅಷ್ಟು.

ಎರಡು ನಿಯಮ ಆಮೇಲೆ ಪೆಟ್ಟು ತಿಂದು ಸೇರಿಸಿದ್ದು. ಒಂದು, "ಗಳು" ಇಲ್ಲ, ವಿಭಕ್ತಿ ಇಲ್ಲ. ಎರಡನೇ ಕಂತಿನಲ್ಲಿ ಗ, ಳ, ಕೊಂಬು ಒಟ್ಟಿಗೆ ಬಂದವು, ಒಬ್ಬರು ಸಿಕ್ಕಿದ್ದಕ್ಕೆಲ್ಲ ಗಳು ಅಂಟಿಸಿ ಆ ಸುತ್ತು ಗೆದ್ದರು. ಇನ್ನೊಂದು, ಅಂಕ. ಲೆಕ್ಕದ ಸುತ್ತಿಗೆ ಮೂಲದ ಹಾಗೆ ಸರಿಯುತ್ತರಕ್ಕೆ 10, ಐದರ ಒಳಗೆ ತಪ್ಪಿದರೆ 7, ಹತ್ತರ ಒಳಗೆ 5 ಇಟ್ಟಿದ್ದೆ. ಆದರೆ ಕನ್ನಡದಲ್ಲಿ ಮೂರು ನಾಲ್ಕು ಅಕ್ಷರದ ಪದವೇ ಜಾಸ್ತಿ. ಮೊದಲೆರಡು ಕಂತಿನಲ್ಲಿ ಲೆಕ್ಕದವರೇ ಬಾಚಿಕೊಂಡರು, ಪದದವರು ಮುಖ ಊದಿಸಿಕೊಂಡು ಹೋದರು. ಆಮೇಲೆ ಅಕ್ಷರಕ್ಕೆ ಎರಡು ಅಂಕ, ಆರು ಅಕ್ಷರ ಮುಟ್ಟಿದರೆ ಒಟ್ಟು 18 ಮಾಡಿದೆ. ಮೂಲದ ಕೌಂಟ್‌ಡೌನ್‌ನಲ್ಲಿಯೂ ಒಂಬತ್ತಕ್ಕೆ ಒಂಬತ್ತೂ ಬಳಸಿದರೆ 18.

ಯಾವ ಅಕ್ಷರ ಎಷ್ಟು ಹಾಕಬೇಕು ಅನ್ನುವುದೇ ಇದರ ಜೀವ. ಲೆಕ್ಕ ಹಾಕಲು ಬೇರೆ ಕಡೆ ಯಾಕೆ ಹೋಗುವುದು, ನನ್ನ ಕಂಪ್ಯೂಟರಿನಲ್ಲೇ ಸಾವಿರಾರು ಮದುವೆ ಕಾಗದ ಇದೆಯಲ್ಲ ಅಂತ ಅದನ್ನೇ ಎಣಿಸಿದೆ. ಹಳೆ ಫೈಲುಗಳು ಯೂನಿಕೋಡ್ (ಈಗಿನ ಕಂಪ್ಯೂಟರುಗಳಿಗೆಲ್ಲ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ, ಅವನ್ನು ಬದಲಿಸಲಿಕ್ಕೇ ನಾಲ್ಕು ರಾತ್ರಿ. ಕೊನೆಗೆ ನೋಡಿದರೆ ಶ, ಭ, ವ, ಹ ರಾಶಿ ರಾಶಿ. ಯಾಕೆ ಅಂತ ನಿಮಗೆ ಹೊಳೆದಿರಬಹುದು: ಶುಭ ವಿವಾಹ! ಆಮೇಲೆ ಮಕ್ಕಳ ಕಥೆ, ಊರಿನ ಸ್ಮರಣ ಸಂಚಿಕೆಗಳನ್ನು ಎಣಿಸಿ ಸರಿಮಾಡಿದೆ. ನ, ರ, ದ, ಲ, ತ, ಗ, ಕ ಮುಂದೆ. ಙ, ಞ ತೆಗೆದೇ ಹಾಕಿದೆ, ಮಹಾಪ್ರಾಣ ಒಂದೊಂದೇ. ಅ, ಆ ಅಂಥ ಸ್ವರ ಪದದ ಶುರುವಿಗೆ ಮಾತ್ರ ಆಗುವುದರಿಂದ ಎರಡು ಒಟ್ಟಿಗೆ ಬಂದರೆ ಬೋರ್ಡು ಹಾಳು. ಗುಣಿತದಲ್ಲಿ ಕೊಂಬು ಎಲ್ಲಕ್ಕಿಂತ ಹೆಚ್ಚು ಬೇಕು, ನಮ್ಮ ಪದಗಳು ಉ ಕಡೆಗೆ ಮುಗಿಯುವುದೇ ಜಾಸ್ತಿ ಅಲ್ವಾ. ಯಾವುದು ಎಷ್ಟು ಅನ್ನುವ ಸಂಖ್ಯೆ ಮಾತ್ರ ಹೇಳುವುದಿಲ್ಲ. ಹತ್ತು ತಿಂಗಳು ಅದಕ್ಕೇ ಹೋಗಿದೆ.

ಇದು ನಿಂತಿತು ಅಂತ ನನಗೆ ಧೈರ್ಯ ಬಂದದ್ದು ಐದನೇ ಕಂತಿನಲ್ಲಿ. ಬೋರ್ಡಿನಲ್ಲಿ ಸ, ಗ, ಹ, ನ, ಲ, ಗ, ತ. ಗುಣಿತ ಎರಡು ಕೊಂಬು, ಒಂದು ಗುಡಿಸು, ಒಂದು ಇಳಿ. ನಾನು ಒಳಗೊಳಗೇ ಸಲಗ, ಗಗನ ಅಂತ ಮೂರಕ್ಷರದಲ್ಲೇ ಇದ್ದೆ. ಬ್ಯಾಂಕಿನವರೊಬ್ಬರು ಫ್ರೀ ಸೊನ್ನೆ ಬಳಸಿ "ಸಂಗತಿ" ಅಂದರು, ಚಪ್ಪಾಳೆ ಬಿತ್ತು. ಎದುರು ಕೂತಿದ್ದ ಬ್ರಹ್ಮಾವರ ಕಡೆಯ ಟೀಚರ್ ಕಾಗದ ತಿರುಗಿಸಿದರು: ಹಗಲುಗನಸು. ಎರಡು ಗ, ಎರಡು ಕೊಂಬು, ಆರು ಅಕ್ಷರ. ಮಾಷ್ಟ್ರು ನಿಘಂಟು ತೆರೆಯಲೇ ಇಲ್ಲ, ಸುಮ್ನೆ ಕನ್ನಡಕ ತೆಗೆದು ಒರೆಸಿಕೊಂಡರು. ಕ್ಯಾಮೆರಾದ ಹುಡುಗ ಕ್ಯಾಮೆರಾ ಬಿಟ್ಟು ಚಪ್ಪಾಳೆ ತಟ್ಟಿದ್ದರಿಂದ ಆ ಶಾಟ್ ಅಲ್ಲಾಡಿದೆ. ಹಾಗೇ ಬಿಟ್ಟಿದ್ದೇವೆ.

ನಿಘಂಟಿನ ಮೇಜಿನ ಮೇಲೆ ಕಿಟ್ಟೆಲ್ ಇಟ್ಟಿದ್ದೆವು. 1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಷನ್‌ನಿಂದಲೇ ಬಂದ ಪುಸ್ತಕ, ಇಲ್ಲಿಯ ಸ್ಪರ್ಧೆಗೆ ಅದಿಲ್ಲದೆ ಹೇಗೆ? ಶೋಭೆಗೂ ಆಯಿತು. ಆದರೆ ಬಸ್ಸು ತರಹದ್ದೆಲ್ಲ ಅದರಲ್ಲಿ ನೋಡಿ ತೀರ್ಪು ಕೊಡಲಾಗದು, ಅದಕ್ಕೆ ಸಾಹಿತ್ಯ ಪರಿಷತ್ತಿನ ಸಂಪುಟಗಳು ಮತ್ತು ಮಾಷ್ಟ್ರ ಮಾತೇ ಕೊನೆ. "ಮರವಾಯಿ" (ಚಿಪ್ಪುಮೀನು) ಕನ್ನಡವೋ ತುಳುವೋ ಅಂತ ಒಂದು ಸಲ ಇಪ್ಪತ್ತು ನಿಮಿಷ ಶೂಟಿಂಗ್ ನಿಂತಿತ್ತು. ತಿನ್ನುವ ವಸ್ತುವಿಗೆ ಅಂಕ ಕೊಡಿ ಅಂತ ಸಭೆಯಿಂದಲೇ ಕೂಗು. ಕೊಟ್ಟೆವು.

ಲೆಕ್ಕದ ಸುತ್ತಿನಲ್ಲಿ ನನಗೆ ಅಚ್ಚರಿ ಆದದ್ದು ಬೇರೆಯೇ. ಇಂಜಿನಿಯರಿಂಗ್ ಮಕ್ಕಳೇ ಹೊಡೆಯುತ್ತಾರೆ ಅಂದುಕೊಂಡಿದ್ದೆ. ಆದರೆ ದೊಡ್ಡ ಸಂಖ್ಯೆ ನಾಲ್ಕು, 25, 50, 75, 100. ಕಾಲು, ಅರೆ, ಮುಕ್ಕಾಲು, ಒಂದು! ಕಾರ್ಕಳದ ದಿನಸಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಎಪ್ಪತ್ತು ದಾಟಿದ ಒಬ್ಬರು ಬಂದಿದ್ದರು. ಸಂಖ್ಯೆ 75, 50, 8, 7, 3, 2, ಗುರಿ 613. ಹುಡುಗ ಪೆನ್ನು ತೆಗೆಯುವಷ್ಟರಲ್ಲಿ ಇವರು ಕೈಕಟ್ಟಿ ಕೂತಾಗಿತ್ತು. ಕೇಳಿದರೆ, "ಎಂಟು ಮುಕ್ಕಾಲ್ ಆರು, ಅಂದ್ರೆ ಆರುನೂರು. ಮೂರೆರಡ್ಲ ಆರು, ಏಳು ಸೇರಿದರೆ ಹದಿಮೂರು. ಅದರಲ್ಲಿ ಎಂಥ ಉಂಟು?" ಈಗಿನ ಮಕ್ಕಳಿಗೆ ಮುಕ್ಕಾಲು ಮಗ್ಗಿ ಅಂದರೆ ಏನು ಅಂತಲೇ ಗೊತ್ತಿಲ್ಲ. ಅವರ ಎದುರು ಸೋತ ಹುಡುಗ ಕಂತು ಮುಗಿದ ಮೇಲೆ ಅವರ ಪಕ್ಕ ಕೂತು ಬರೆಸಿಕೊಂಡ.

ಮಧ್ಯೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಗಡಿಯಾರದ ಮ್ಯೂಸಿಕ್ ಬದಲು ಚೆಂಡೆ. ಯಕ್ಷಗಾನದ ಹುಡುಗನೊಬ್ಬ ಮೂವತ್ತು ಸೆಕೆಂಡಿಗೆ ಸರಿಯಾಗಿ ಮುಕ್ತಾಯ ಹಾಕುತ್ತಿದ್ದ, ಸ್ಟಾಪ್‌ವಾಚ್ ಬೇಡ. ಆದರೆ ಸಣ್ಣ ಕೋಣೆ, ತಗಡಿನ ಮಾಡು, ಸ್ಪರ್ಧಿಗಳಿಗೆ ಅವರ ಹೆಸರೇ ಮರೆತುಹೋಯಿತು. ಮದ್ದಳೆಗೆ ಇಳಿಸಿದೆವು, ಆಮೇಲೆ ಕೊನೆಯ ಹತ್ತು ಸೆಕೆಂಡಿಗೆ ಮಾತ್ರ. ಈಗ ಚಂದ ಉಂಟು. ಸಮಯವನ್ನೂ 45 ಸೆಕೆಂಡು ಮಾಡಿದ್ದೇವೆ, ಗುಣಿತ ಜೋಡಿಸಲು ಮೂವತ್ತು ಸಾಲದು.

ಶೂಟಿಂಗ್ ಇಟ್ಟುಕೊಂಡದ್ದು ಆಟಿಯಲ್ಲಿ, ಅಂದರೆ ತುಳುವರ ಜಡಿಮಳೆಯ ತಿಂಗಳಲ್ಲಿ, ಅದು ನನ್ನದೇ ದಡ್ಡತನ. ಆ ಹೊತ್ತಿಗೆ ಬಾಡಿಗೆ ಕಡಿಮೆ ಅಂತ ಆಸೆ. ತೇವಕ್ಕೆ ವಿನೈಲ್ ಎದ್ದು ಬಂತು. ಮೂರನೇ ಕಂತಿನಲ್ಲಿ ಗೆಲ್ಲುವ ಪದದ ಗುಡಿಸು ಬೋರ್ಡಿನಿಂದ ಕಳಚಿ ಟೀಪಾಯಿ ಕೆಳಗೆ ಹೋಯಿತು, ಹುಡುಕಿ ತರುವವರೆಗೆ ಸ್ಪರ್ಧಿ ಕೈ ಎತ್ತಿಕೊಂಡೇ ನಿಂತಿದ್ದರು. ಈಗ ಅಕ್ರಿಲಿಕ್ ಮೇಲೆ ನೇರ ಪ್ರಿಂಟ್. ಅದಕ್ಕೆ ಬಳಸುವ ಅಂಟು ಯಾವುದು ಅನ್ನುವುದು ನನ್ನ ಎರಡನೇ ಗುಟ್ಟು. ಬೋರ್ಡು ಮಾತ್ರ ಖರ್ಚಿಲ್ಲದ್ದು, ಮನೆಯ ಕಬ್ಬಿಣದ ಕಪಾಟಿನ ಬಾಗಿಲು ಬಿಚ್ಚಿ ತಂದದ್ದು. ಹೆಂಡತಿ ಇನ್ನೂ ಅದರ ಬಗ್ಗೆ ಮಾತಾಡುತ್ತಾಳೆ.

ದುಡ್ಡಿನ ಕಥೆ ಹೇಳದಿದ್ದರೆ ಪೂರ್ತಿಯಾಗದು. ಹಾಳಾದ ಸೆಟ್‌ಗಳೂ ಸೇರಿ ನನ್ನ ಕೈಯಿಂದ 40,000ದ ಹತ್ತಿರ ಹೋಗಿದೆ. ಕಂತಿಗೆ ಐದು ಸಾವಿರ ಕೊಡುತ್ತೇನೆ ಅಂದಿದ್ದ ಒಬ್ಬ ಪ್ರಾಯೋಜಕರು ಕೊನೆಗೆ ಎರಡು ಪ್ರೆಶರ್ ಕುಕ್ಕರ್ ಕಳಿಸಿದರು. ಅದನ್ನೇ ಬಹುಮಾನ ಮಾಡಿದೆವು. ಇನ್ನೊಬ್ಬರು ಮೊದಲ ಮೂರು ಕಂತು ನೋಡಿ ಹಿಂದೆ ಸರಿದು, ಹಗಲುಗನಸು ವಾಟ್ಸಾಪಿನಲ್ಲಿ ಓಡಾಡಿದ ಮೇಲೆ ತಾವಾಗಿಯೇ ಫೋನ್ ಮಾಡಿದರು. ರೇಟು ಜಾಸ್ತಿ ಹೇಳಿದೆ, ಒಪ್ಪಿದರು. ಎಲ್ಲ ಕೂಡಿ ಕಳೆದು ಆರೇಳು ಸಾವಿರ ಉಳಿದಿರಬಹುದು. ನನ್ನ ರಾತ್ರಿಗಳ ಲೆಕ್ಕ ಹಿಡಿದಿಲ್ಲ.

ಈಗ ತುಳು ಸೆಟ್ ಹಿಡಿದಿದ್ದೇನೆ. ಗೋವಿಂದ ಪೈ ಸಂಶೋಧನಾ ಕೇಂದ್ರದವರ ತುಳು ನಿಘಂಟಿನ ಆರು ಸಂಪುಟ ಮೇಜಿನ ಮೇಲಿದೆ. ತುಳುವಿನ ಆ ಅರ್ಧ ಉಕಾರಕ್ಕೆ (ಪೂರ್ತಿ ಉ ಅಲ್ಲದ ಮೊಟಕು ಸ್ವರ) ಯಾವ ಬಿಲ್ಲೆ ಮಾಡುವುದು ಅಂತ ಒದ್ದಾಡುತ್ತಿದ್ದೇನೆ. ಕೊಂಬನ್ನೇ ಅರ್ಧ ಕತ್ತರಿಸಿ ನೋಡಿದೆ, ಮುರಿದುಹೋದ ಬಿಲ್ಲೆ ಅಂತ ಎಲ್ಲರೂ ಬದಿಗಿಡುತ್ತಾರೆ.

ಕನ್ನಡದ ಸೆಟ್ ಬೇಕಾದ ಕ್ವಿಜ್ ಮಾಷ್ಟ್ರುಗಳಿಗೆ 2,800ಕ್ಕೆ ಮಾಡಿಕೊಡುತ್ತೇನೆ. ಚೀಲದಲ್ಲಿ ನ ಎಷ್ಟು, ರ ಎಷ್ಟು ಅಂತ ಆಮೇಲೆ ನೀವೇ ಎಣಿಸಿಕೊಳ್ಳಿ.