ಟೊರೊಂಟೊ ಚಳಿಗಾಲ: ಮುನ್ಸೂಚನೆಯಲ್ಲಿ ಮೊದಲು ಗಾಳಿಯ ದಿಕ್ಕು ನೋಡಿ

ಟೊರೊಂಟೊ, ಮಿಸಿಸಾಗ, ಬ್ರಾಂಪ್ಟನ್ ಕಡೆ ಹೊಸದಾಗಿ ಬಂದವರು ಬೆಳಿಗ್ಗೆ ಎದ್ದು ಫೋನಿನಲ್ಲಿ ನೋಡುವುದು ಎರಡೇ: ಎಷ್ಟು ಡಿಗ್ರಿ, ಪಕ್ಕದಲ್ಲಿರುವುದು ಸೂರ್ಯನ ಚಿತ್ರವೋ ಮೋಡದ್ದೋ. ಊರಲ್ಲಿ ಅಷ್ಟೇ ಸಾಕಿತ್ತು. ಇಲ್ಲಿ ಸೂರ್ಯನ ಚಿತ್ರ ನಂಬಿ ತೆಳು ಜಾಕೆಟ್‌ನಲ್ಲಿ ಹೊರಟರೆ ಬಸ್‌ಸ್ಟಾಪಿನಲ್ಲೇ ಕಿವಿ ಮರಗಟ್ಟುತ್ತದೆ. ಜನವರಿಯಲ್ಲಿ ಆಕಾಶ ಶುಭ್ರವಾಗಿದೆ ಎಂದರೆ ಸಾಮಾನ್ಯವಾಗಿ ಉತ್ತರದ ಒಣ ಶೀತಗಾಳಿ ಬಂದು ಕೂತಿರುತ್ತದೆ. ರಾತ್ರಿ ಮೇಲೆ ಮೋಡವಿಲ್ಲದ್ದರಿಂದ ನೆಲದ ಶಾಖವೂ ತಡೆಯಿಲ್ಲದೆ ಹೊರಟುಹೋಗುತ್ತದೆ. ಮೋಡ ಕವಿದ ದಿನಗಳೇ ಎಷ್ಟೋ ಸಲ ಬೆಚ್ಚಗಿರುತ್ತವೆ.

ಕೆನಡಾ ಸರ್ಕಾರದ ಹವಾಮಾನ ಇಲಾಖೆ ಎನ್ವಿರಾನ್ಮೆಂಟ್ ಕೆನಡಾದ ವೆದರ್‌ಕ್ಯಾನ್ ಆ್ಯಪ್ ಹಾಕಿಕೊಳ್ಳಿ. ಗಂಟೆಗಂಟೆಯ ಪಟ್ಟಿ ತೆರೆದು ಮೊದಲು ಗಾಳಿ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ನೋಡಿ. ಎಲ್ಲಿ ಮೋಡ ಕಟ್ಟುತ್ತದೆ, ಯಾರ ಅಂಗಳದಲ್ಲಿ ಸ್ನೋ ಬೀಳುತ್ತದೆ ಎನ್ನುವುದರಲ್ಲಿ ಇಲ್ಲಿನ ಸರೋವರಗಳ ಪಾಲು ದೊಡ್ಡದು.

ಮೋಡ ಕಟ್ಟಬೇಕಾದರೆ ತೇವದ ಗಾಳಿ ಮೇಲೇರಬೇಕು. ಮೇಲೆ ಒತ್ತಡ ಕಡಿಮೆ, ಗಾಳಿ ಹಿಗ್ಗುತ್ತದೆ, ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣಿಯುತ್ತದೆ. ಇಬ್ಬನಿ ಬಿಂದು ಮುಟ್ಟಿದೊಡನೆ ಆವಿಯು ಧೂಳು, ಉಪ್ಪಿನ ಸೂಕ್ಷ್ಮ ಕಣಗಳ ಮೇಲೆ ಹನಿಯಾಗುತ್ತದೆ. ಆಗುಂಬೆಯಲ್ಲಿ ಅರಬ್ಬೀ ಸಮುದ್ರದ ಗಾಳಿಯನ್ನು ಮೇಲಕ್ಕೆ ನೂಕುವುದು ಘಟ್ಟ. ಇಲ್ಲಿ ಆ ಕೆಲಸ ಸರೋವರದ ಶಾಖದ್ದು. ನವೆಂಬರ್, ಡಿಸೆಂಬರಿನಲ್ಲಿ ಹ್ಯೂರಾನ್ ಸರೋವರ ಮತ್ತು ಜಾರ್ಜಿಯನ್ ಬೇಯ ನೀರಿನಲ್ಲಿ ಬೇಸಿಗೆಯ ಬಿಸಿ ಇನ್ನೂ ಉಳಿದಿರುತ್ತದೆ. ಅದರ ಮೇಲೆ ವಾಯವ್ಯದ ಶೀತಗಾಳಿ ಹಾಯುತ್ತದೆ. ನೀರಿಗೂ ಒಂದೂವರೆ ಕಿ.ಮೀ. ಎತ್ತರದ ಗಾಳಿಗೂ 13 ಡಿಗ್ರಿಯಷ್ಟು ವ್ಯತ್ಯಾಸ ಬಂತೆಂದರೆ ಲೇಕ್ ಎಫೆಕ್ಟ್ ಸ್ನೋ ಶುರು. ಮೋಡದೊಳಗಿನ ಹನಿಗಳು ಸೊನ್ನೆಗಿಂತ ಎಷ್ಟೋ ಕೆಳಗೂ ನೀರಾಗಿಯೇ ಉಳಿಯಬಲ್ಲವು. ನಡುವೆ ಹಿಮದ ಹರಳೊಂದು ಹುಟ್ಟಿದರೆ ಆ ಹನಿಗಳ ಆವಿಯನ್ನೆಲ್ಲ ತಾನೇ ಎಳೆದುಕೊಂಡು ಬೆಳೆದು, ತೂಕವಾಗಿ ಕೆಳಗಿಳಿಯುತ್ತದೆ.

ಈ ಮೋಡ ಉದ್ದುದ್ದ ಪಟ್ಟಿಯಾಗಿ ಬರುತ್ತದೆ. ಪಟ್ಟಿಯೊಳಗೆ ಮುಂದಿನ ಕಾರು ಕಾಣುವುದಿಲ್ಲ, ಸ್ವಲ್ಪ ದೂರ ಹೋದರೆ ಬಿಸಿಲು. ಬ್ಯಾರಿ, ಕಾಲಿಂಗ್‌ವುಡ್, ಓವನ್ ಸೌಂಡ್ ಇದರ ಖಾಯಂ ಗಿರಾಕಿಗಳು. ವಾಯವ್ಯ ಗಾಳಿ ಟೊರೊಂಟೊ ತಲುಪುವಷ್ಟರಲ್ಲಿ ನೆಲದ ಮೇಲೆ ಬಹುದೂರ ಬಂದಿರುವುದರಿಂದ ನಮಗೆ ಹೆಚ್ಚಾಗಿ ಉದುರುವುದು ಚೂರುಪಾರು. ಆದ್ದರಿಂದ ಮನೆ ಮುಂದೆ ಬಿಸಿಲಿದೆ ಎಂದು ಹೈವೇ 400 ಹಿಡಿದು ಉತ್ತರಕ್ಕೆ ಹೊರಡಬೇಡಿ. ಪ್ರಾಂತ್ಯ ಸರ್ಕಾರದ ರಸ್ತೆ ಮಾಹಿತಿ ಸೇವೆ 511 ಒಂಟಾರಿಯೊದಲ್ಲಿ ರಸ್ತೆ ಕ್ಯಾಮೆರಾ ನೋಡಿಕೊಳ್ಳಿ. ರೇಡಾರ್ ಚಿತ್ರ ಒಂದನ್ನೇ ನಂಬಿದರೂ ಮೋಸವಾಗುತ್ತದೆ. ಈ ಮೋಡಗಳು ತಗ್ಗಿನವು. ಕಿಂಗ್ ಸಿಟಿಯಂಥ ರೇಡಾರ್ ಕೇಂದ್ರದಿಂದ ದೂರ ಹೋದಂತೆ ಅದರ ಕಿರಣ ಮೇಲೇರಿ, ಮೋಡದ ನೆತ್ತಿಯ ಮೇಲೆಯೇ ದಾಟಿಹೋಗುತ್ತದೆ. ಚಿತ್ರ ಖಾಲಿ, ಕೆಳಗೆ ಮಾತ್ರ ಜೋರು ಸ್ನೋ.

ಗಾಳಿ ಪೂರ್ವ ಅಥವಾ ಈಶಾನ್ಯದಿಂದ ಬೀಸತೊಡಗಿದರೆ ಸರದಿ ನಮ್ಮದು. ಅಮೆರಿಕದ ಕೊಲರಾಡೊ ಕಡೆಯಿಂದ ಏರಿ ಬರುವ ಚಂಡಮಾರುತಗಳ ಮುಂದೆ ಗಾಳಿ ಹೀಗೆ ಬೀಸಿ, ಒಂಟಾರಿಯೊ ಸರೋವರದ ತೇವವನ್ನೂ ಹೊತ್ತು ಟೊರೊಂಟೊ, ಹ್ಯಾಮಿಲ್ಟನ್ ದಡಕ್ಕೆ ಸುರಿಯುತ್ತದೆ. ಇದಕ್ಕೆ ಆಕಾಶವೇ ಮುಂಚಿತವಾಗಿ ಸುಳಿವು ಕೊಡುತ್ತದೆ: ಮೊದಲು ಎಳೆಎಳೆಯಾದ ಎತ್ತರದ ಸಿರಸ್ ಮೋಡ, ಆಮೇಲೆ ಸೂರ್ಯನ ಸುತ್ತ ಬಳೆ, ಆಮೇಲೆ ಮಸುಕು ಗಾಜಿನ ಹಿಂದಿನಿಂದ ಕಾಣುವಂತೆ ಮಂಕಾದ ಸೂರ್ಯ, ಕೊನೆಗೆ ತಗ್ಗಿದ ಬೂದು ನಿಂಬೋಸ್ಟ್ರೇಟಸ್ ಮೋಡ. ಬಳೆ ಕಂಡ ದಿನವೇ ದಿನಸಿ ತಂದಿಟ್ಟುಕೊಳ್ಳಿ.

ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲಿದ್ದರೆ ಹೆಚ್ಚು ಎಚ್ಚರ ಬೇಕು. ಡೌನ್‌ಟೌನ್‌ನಲ್ಲಿ ಮಳೆ ಬರುವಾಗ ಬ್ರಾಂಪ್ಟನ್‌ನಲ್ಲಿ ಸ್ನೋ ಬೀಳುವುದು ಸಾಮಾನ್ಯ. ಎಲ್ಲಕ್ಕಿಂತ ಕೆಟ್ಟದ್ದು ಫ್ರೀಜಿಂಗ್ ರೈನ್. ಮೇಲೆ ಬೆಚ್ಚನೆಯ ಗಾಳಿಯ ಪದರ, ನೆಲಕ್ಕಂಟಿ ತೆಳುವಾದ ಶೀತ ಪದರ ಇದ್ದಾಗ ಹಿಮ ಕರಗಿ ಹನಿಯಾಗಿ ಇಳಿದು, ಮುಟ್ಟಿದ ಕಡೆ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಶೀತ ಪದರ ದಪ್ಪವಿದ್ದರೆ ದಾರಿಯಲ್ಲೇ ಗಟ್ಟಿಯಾಗಿ ಐಸ್ ಪೆಲೆಟ್ ಆಗುತ್ತದೆ. ಅದು ಅಷ್ಟು ಅಪಾಯವಲ್ಲ. 2013ರ ಡಿಸೆಂಬರ್ 21-22ರಂದು ಟೊರೊಂಟೊದಲ್ಲಿ ಮರ, ತಂತಿಗಳೆಲ್ಲ ಮುರಿದು ಲಕ್ಷಾಂತರ ಮಂದಿ ಕರೆಂಟಿಲ್ಲದೆ ಕೂತದ್ದು ಈ ಮಳೆಯಿಂದಲೇ. ಮುನ್ಸೂಚನೆಯಲ್ಲಿ ಈ ಹೆಸರು ಕಂಡರೆ ಪ್ರಯಾಣ ಮುಂದೂಡಿ, ಮೆಟ್ಟಿಲಿಗೆ ಮೊದಲೇ ಉಪ್ಪು ಹಾಕಿ. ಸಾಧಾರಣ ಉಪ್ಪು ಮೈನಸ್ 10ರಿಂದ ಕೆಳಗೆ ಹೆಚ್ಚು ಕೆಲಸ ಮಾಡದು, ಆಗ ಮರಳು ಎರಚಿ.

ಅಂಕಿಗಳ ವಿಷಯಕ್ಕೆ ಬಂದರೆ, ಮಳೆ ಅಥವಾ ಸ್ನೋ 40 ಪರ್ಸೆಂಟ್ ಎಂದರೆ ನೀವಿರುವ ಜಾಗದಲ್ಲಿ ಅಳೆಯುವಷ್ಟಾದರೂ ಬೀಳುವ ಸಾಧ್ಯತೆ. ಎಷ್ಟು ಹೊತ್ತು, ಎಷ್ಟು ಜೋರು ಎಂದು ಅದು ಹೇಳುವುದಿಲ್ಲ. 10 ಮಿ.ಮೀ. ನೀರು ಸಾಧಾರಣವಾಗಿ 10 ಸೆಂ.ಮೀ. ಸ್ನೋ ಆಗುತ್ತದೆ. ಚಳಿ ಹೆಚ್ಚಿದ್ದರೆ ಅದೇ ನೀರು 15-20 ಸೆಂ.ಮೀ. ಹಗುರ ಪುಡಿಯಾಗುತ್ತದೆ, ಸೊನ್ನೆಯ ಹತ್ತಿರ 5 ಸೆಂ.ಮೀ. ಒದ್ದೆ ಮುದ್ದೆ. ಸೊಂಟ ಹಿಡಿಯುವುದು ಈ ಒದ್ದೆ ಸ್ನೋ ಎತ್ತುವಾಗ, ಸಲಿಕೆಗೆ ಅರ್ಧ ಮಾತ್ರ ತುಂಬಿ. ಮೈನಸ್ 10 ಇದ್ದು ಗಾಳಿ 30 ಕಿ.ಮೀ. ವೇಗದಲ್ಲಿ ಬೀಸಿದರೆ ವಿಂಡ್ ಚಿಲ್, ಅಂದರೆ ಗಾಳಿ ಸೇರಿ ಮೈಗೆ ತಟ್ಟುವ ಚಳಿ, ಮೈನಸ್ 20. ಅದು ಮೈನಸ್ 28ಕ್ಕೆ ಇಳಿದರೆ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮಕ್ಕಳ ಕೆನ್ನೆ, ಮೂಗು ಮುಚ್ಚಿಯೇ ಶಾಲೆಗೆ ಕಳಿಸಿ. ಕಾರಿಗೆ ಮಾತ್ರ ಈ ವಿಂಡ್ ಚಿಲ್ ಲೆಕ್ಕವಿಲ್ಲ. ಗಾಳಿಗೆ ಎಂಜಿನ್ ಬೇಗ ತಣಿಯಬಹುದು, ನಿಜವಾದ ಉಷ್ಣಾಂಶಕ್ಕಿಂತ ಕೆಳಗೆ ಇಳಿಯುವುದಿಲ್ಲ. ವೈಪರ್ ನೀರಿನ ಡಬ್ಬಿ ಕೊಳ್ಳುವಾಗ ಮಾತ್ರ ಮೈನಸ್ 40 ಎಂದು ಬರೆದದ್ದನ್ನೇ ತನ್ನಿ, ಬೇಸಿಗೆಯದು ಉಳಿದಿದ್ದರೆ ಮೊದಲು ಖಾಲಿ ಮಾಡಿ ತುಂಬಿಸಿ.