ವೆಬ್‌ಸೈಟ್ ಮಾಡ್ತೀರಾ? ಥೀಮ್ ಆಮೇಲೆ, ಮೊದಲು ಚೀಟಿ

ಹೊಸದಾಗಿ ವೆಬ್‌ಸೈಟ್ ಮಾಡಲು ಹೊರಟವರು ಬಣ್ಣ, ಲೋಗೋ, ಥೀಮ್ ಆರಿಸುವುದರಲ್ಲೇ ಮುಳುಗಿಬಿಡುತ್ತಾರೆ. ಅದನ್ನು ಸ್ವಲ್ಪ ಪಕ್ಕಕ್ಕಿಡಿ. ಸೈಟಿನಲ್ಲಿ ಬರಬೇಕಾದ ಒಂದೊಂದು ವಿಷಯವನ್ನೂ ಒಂದೊಂದು ಚೀಟಿಯಲ್ಲಿ ಬರೆಯಿರಿ. ಅವನ್ನು ಸೈಟಿನ ಬಗ್ಗೆ ಏನೂ ಗೊತ್ತಿಲ್ಲದ ನಾಲ್ಕೈದು ಜನರ ಕೈಗೆ ಕೊಟ್ಟು, ‘ಯಾವುದರ ಜೊತೆ ಯಾವುದು ಹೋಗುತ್ತೆ, ಗುಂಪು ಮಾಡಿ’ ಅನ್ನಿ. ನೀವು ಮಧ್ಯೆ ಬಾಯಿ ಹಾಕಬೇಡಿ. ಇದಕ್ಕೆ ಕಾರ್ಡ್ ಸಾರ್ಟಿಂಗ್ ಅಂತಾರೆ. ಅವರು ಗುಂಪುಗಳಿಗೆ ಕೊಡುವ ಹೆಸರನ್ನೇ ಆದಷ್ಟು ಮೆನುವಿಗೆ ಇಡಿ. ‘ನಮ್ಮ ಪರಿಹಾರಗಳು’ ಥರದ ಹೆಸರು ನೋಡಿ ಒಳಗೇನಿದೆ ಅಂತ ಯಾರಿಗೂ ಹೊಳೆಯಲ್ಲ.

ಎಲ್ಲರೂ ಮುಖಪುಟದಿಂದಲೇ ಬರಲ್ಲ ಅನ್ನುವುದೂ ನೆನಪಿರಲಿ. ಗೂಗಲ್‌ನಲ್ಲಿ ಹುಡುಕಿದವರು, ವಾಟ್ಸಾಪ್‌ನಲ್ಲಿ ಲಿಂಕ್ ಸಿಕ್ಕವರು ನೇರವಾಗಿ ಒಳಪುಟಕ್ಕೇ ಇಳಿಯುತ್ತಾರೆ. ಹಾಗಾಗಿ ಇದು ಯಾವ ಸೈಟು, ಯಾವ ವಿಭಾಗ, ಇಲ್ಲಿಂದ ಎಲ್ಲಿಗೆ ಹೋಗಬಹುದು ಅನ್ನುವುದು ಪ್ರತಿ ಪುಟದಲ್ಲೂ ಕಾಣಬೇಕು.

ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದು ಬೇಡ. ಸಾಲಿನ ಎತ್ತರ ಅಕ್ಷರದ ಗಾತ್ರದ 1.5 ಪಟ್ಟು ಇರಲಿ, ಒತ್ತಕ್ಷರಗಳಿರುವ ಲಿಪಿಗೆ ಇನ್ನೂ ಸ್ವಲ್ಪ ಜಾಸ್ತಿ ಇದ್ದರೂ ಚೆನ್ನ. ಬಿಳಿ ಹಿನ್ನೆಲೆಯ ಮೇಲೆ ತೆಳು ಬೂದು ಅಕ್ಷರ ಇಡುವ ಫ್ಯಾಷನ್ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ. ಅಂಗವಿಕಲರೂ ಸೇರಿ ಎಲ್ಲರಿಗೂ ವೆಬ್ ಬಳಸಲು ಬರಲಿ ಅಂತ ಮಾಡಿದ ಡಬ್ಲ್ಯೂಸಿಎಜಿ ಮಾರ್ಗಸೂಚಿಯಲ್ಲಿ ಎ, ಎಎ, ಎಎಎ ಅಂತ ಮೂರು ಮಟ್ಟಗಳಿವೆ. ಎಎ ಮಟ್ಟ ಮುಟ್ಟಲು ಸಾಮಾನ್ಯ ಗಾತ್ರದ ಪಠ್ಯಕ್ಕೆ ಕನಿಷ್ಠ 4.5:1 ಕಾಂಟ್ರಾಸ್ಟ್ (ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ಅನುಪಾತ) ಬೇಕು. ಅಳೆಯಲು ಉಚಿತ ಟೂಲ್‌ಗಳು ಬೇಕಾದಷ್ಟಿವೆ.

ಫೋಟೋಗಳನ್ನು ಕ್ಯಾಮೆರಾದಿಂದ ಬಂದ ಹಾಗೇ ಏರಿಸಬೇಡಿ. ಕುಗ್ಗಿಸಿ, ಆಲ್ಟ್ ಪಠ್ಯ (ಚಿತ್ರ ಕಾಣದವರಿಗಾಗಿ ಅದರಲ್ಲೇನಿದೆ ಅಂತ ಹೇಳುವ ಪುಟ್ಟ ವಿವರಣೆ) ಬರೆಯಿರಿ. ಚಿತ್ರಗಳು ಒಂದಾದ ಮೇಲೊಂದು ತಾನಾಗಿ ಓಡುವ ಸ್ಲೈಡರ್ ಬೇಡವೇ ಬೇಡ. ಎಲ್ಲ ಮುಗಿದ ಮೇಲೆ ಹಳೆಯ ಫೋನೊಂದರಲ್ಲಿ, ನೆಟ್‌ವರ್ಕ್ ನಿಧಾನವಿರುವಾಗ, ಒಂದೇ ಕೈಯಲ್ಲಿ ಹಿಡಿದು ತೆರೆದು ನೋಡಿ.