ಹಳೇ ಫಿಯೆಟ್, ಪದ್ಮಿನಿ ಇಟ್ಟುಕೊಂಡವರಿಗೆ: ಸ್ಪಾರ್ಕ್ ಪ್ಲಗ್ ನೋಡುವ ಬಗೆ

ಪ್ಲಗ್ ತುದಿಯ ಬಣ್ಣ ನೋಡಿದರೆ ಎಂಜಿನ್ ಒಳಗೆ ಏನಾಗುತ್ತಿದೆ ಅಂತ ತಿಳಿಯಬಹುದು. ಆದರೆ ಶೆಡ್‌ನಲ್ಲಿ ಗಾಡಿ ನಿಲ್ಲಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟು ಪ್ಲಗ್ ಬಿಚ್ಚಿದರೆ ಸುಮ್ನೆ ಕರ್ರಗೆ ಕಾಣುತ್ತದೆ, ಏನೂ ಗೊತ್ತಾಗುವುದಿಲ್ಲ. ಎಂಟು ಹತ್ತು ಕಿಲೋಮೀಟರ್ ಚೆನ್ನಾಗಿ ಓಡಿಸಿ, ಚೋಕ್ ಗುಂಡಿ ಪೂರ್ತಿ ಒಳಗಿರಲಿ (ಅಂದರೆ ಚೋಕ್ ಆಫ್). ನಿಲ್ಲಿಸಿದ ತಕ್ಷಣ ಆಫ್ ಮಾಡಿ. ತಣ್ಣಗಾದ ಮೇಲೆಯೇ ಬಿಚ್ಚಿ. ಪ್ಲಗ್ ಕೂರುವ ಎಂಜಿನ್ ಹೆಡ್ ಅಲ್ಯೂಮಿನಿಯಂ, ಬಿಸಿಯಲ್ಲಿ ತಿರುಗಿಸಿದರೆ ಥ್ರೆಡ್ ಹೋಗುತ್ತದೆ. ನಾಲ್ಕನ್ನೂ ಸಿಲಿಂಡರ್ ಕ್ರಮದಲ್ಲೇ ಜೋಡಿಸಿಡಿ.

ತಿಳಿ ಕಂದು ಬಣ್ಣವಿದ್ದರೆ ಚಿಂತೆಯಿಲ್ಲ. ಒಣ ಕಪ್ಪು ಮಸಿ ಅಂದರೆ ಪೆಟ್ರೋಲ್ ಜಾಸ್ತಿ. ಪೆಟ್ರೋಲ್, ಗಾಳಿ ಬೆರೆಸುವ ಕಾರ್ಬ್ಯುರೇಟರ್‌ಗೆ ಕೈಹಾಕುವ ಮೊದಲು ಏರ್ ಫಿಲ್ಟರ್, ಚೋಕ್ ಕೇಬಲ್ ನೋಡಿ. ಜಿಡ್ಡು ಜಿಡ್ಡಾದ ಕಪ್ಪಿದ್ದರೆ ಆಯಿಲ್ ಒಳಗೆ ಬರುತ್ತಿದೆ: ಪಿಸ್ಟನ್ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿರಬಹುದು. ಪೆಟ್ರೋಲ್‌ನಿಂದ ಒದ್ದೆಯಾಗಿದ್ದರೆ ಆ ಸಿಲಿಂಡರ್‌ನಲ್ಲಿ ಕಿಡಿಯೇ ಬರುತ್ತಿಲ್ಲವೇನೋ. ಬೆಳ್ಳಗೆ, ಗುಳ್ಳೆ ಗುಳ್ಳೆಯಾಗಿದ್ದರೆ ಮಾತ್ರ ಗಾಡಿ ಓಡಿಸಬೇಡಿ. ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಟೈಮಿಂಗ್ ಮುಂದಿದೆ, ಅಂದರೆ ಕಿಡಿ ಬೇಗ ಹಾರುತ್ತಿದೆ. ಹಾಗೇ ಬಿಟ್ಟರೆ ಪಿಸ್ಟನ್ನೇ ತೂತಾಗಬಹುದು.

ಒಂದೇ ಪ್ಲಗ್ ಬೇರೆ ಥರ ಇದ್ದರೆ ತಪ್ಪು ಆ ಸಿಲಿಂಡರ್‌ನದ್ದು, ಕಾರ್ಬ್ಯುರೇಟರ್‌ದಲ್ಲ ಅನ್ನುವುದು ನನ್ನ ಲೆಕ್ಕ.

ಹಳೇ ಪುಸ್ತಕದ ಬಣ್ಣದ ಚಿತ್ರಗಳನ್ನು ಪೂರ್ತಿ ನಂಬಬೇಡಿ. ಅವು ಸೀಸದ ಪೆಟ್ರೋಲ್ ಕಾಲದವು. ನಮ್ಮಲ್ಲಿ 2000ದಿಂದ ಸೀಸ ಇಲ್ಲ ಅಲ್ವಾ, ಹಾಗಾಗಿ ಸರಿಯಿರುವ ಪ್ಲಗ್ ಕೂಡ ಸ್ವಲ್ಪ ಬಿಳಚಿಕೊಂಡೇ ಕಾಣುತ್ತದೆ.